ಬರೆಯದ ನಿಯಮ ಮುರಿದ ಋತು

1946ರ ಜನವರಿ 15ರಂದು ಲಾಸ್ ಏಂಜಲೀಸ್‌ನಲ್ಲಿ ಒಂದು ಸಭೆ ಸೇರಿತು. ನಗರದ ಮೆಮೋರಿಯಲ್ ಕೊಲಿಸಿಯಂ ಕ್ರೀಡಾಂಗಣವನ್ನು ವೃತ್ತಿಪರ ಫುಟ್‌ಬಾಲ್ ತಂಡಗಳಿಗೆ ಬಾಡಿಗೆಗೆ ಕೊಡಬೇಕೇ ಬೇಡವೇ ಎಂಬುದು ಅಲ್ಲಿ ತೀರ್ಮಾನವಾಗಬೇಕಿದ್ದ ವಿಷಯ. ಬಾಡಿಗೆ ಕೇಳಲು ಬಂದಿದ್ದವರಲ್ಲಿ ಮುಖ್ಯರು ರ‍್ಯಾಮ್ಸ್ ತಂಡದವರು. ಕ್ಲೀವ್‌ಲ್ಯಾಂಡ್ ಊರಿನ ಈ ತಂಡ ಒಂದು ತಿಂಗಳ ಹಿಂದಷ್ಟೇ, ಡಿಸೆಂಬರ್ 16ರಂದು, ವಾಷಿಂಗ್ಟನ್ ರೆಡ್‌ಸ್ಕಿನ್ಸ್ ತಂಡವನ್ನು 15–14ರಿಂದ ಸೋಲಿಸಿ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ (ಎನ್‌ಎಫ್‌ಎಲ್) ಚಾಂಪಿಯನ್ ಆಗಿತ್ತು. ಪ್ರಶಸ್ತಿ ಬಂದಿದ್ದರೂ ಮಾಲೀಕ ಡ್ಯಾನ್ ರೀವ್ಸ್ ಅವರಿಗೆ ಕ್ಲೀವ್‌ಲ್ಯಾಂಡ್‌ನಲ್ಲಿ ನಷ್ಟವೇ ಆಗಿತ್ತು. ಅವರ ಕಣ್ಣು ಪಶ್ಚಿಮ ಕರಾವಳಿಯ ದೊಡ್ಡ ಊರಿನ ಮೇಲೆ, ಅಲ್ಲಿನ ಒಂದು ಲಕ್ಷ ಜನ ಕೂರಬಲ್ಲ ಕೊಲಿಸಿಯಂ ಮೇಲೆ ಬಿದ್ದಿತ್ತು.

ಸಭೆಯಲ್ಲಿ ಹ್ಯಾಲಿ ಹಾರ್ಡಿಂಗ್ ಎಂಬ ಪತ್ರಕರ್ತ ಮಾತಾಡಲು ಎದ್ದರು. ‘ಲಾಸ್ ಏಂಜಲೀಸ್ ಟ್ರಿಬ್ಯೂನ್’ ಎಂಬ ಪತ್ರಿಕೆಯ ಕ್ರೀಡಾ ಬರಹಗಾರರು ಅವರು. ಆ ಪತ್ರಿಕೆಯನ್ನು ನಡೆಸುತ್ತಿದ್ದವರೂ ಓದುತ್ತಿದ್ದವರೂ ಕಪ್ಪು ಜನಾಂಗದವರು. ಹಾರ್ಡಿಂಗ್ ಹೇಳಿದ್ದರ ತಿರುಳು ಸರಳವಾಗಿತ್ತು. ಈ ಲೀಗ್‌ನ ಆರಂಭದ ದಿನಗಳಲ್ಲಿ ಕಪ್ಪು ಆಟಗಾರರು ಆಡಿದ್ದರು. ಈಗ ಒಬ್ಬರೂ ಇಲ್ಲ. ಮೊನ್ನೆ ಮೊನ್ನೆ ಮುಗಿದ ಮಹಾಯುದ್ಧದಲ್ಲಿ ಕಪ್ಪು ಸೈನಿಕರು ಈ ದೇಶಕ್ಕಾಗಿ ಹೋರಾಡಿದ್ದಾರೆ. ಕೊಲಿಸಿಯಂ ಎಲ್ಲ ನಾಗರಿಕರ ತೆರಿಗೆಯಿಂದ ನಡೆಯುವ ಮೈದಾನ. ಇದೇ ಊರಿನ ಹುಡುಗ ಕೆನ್ನಿ ವಾಷಿಂಗ್ಟನ್‌ನಂಥ ಆಟಗಾರನನ್ನು ಹೊರಗಿಡುವ ತಂಡಕ್ಕೆ ಇದನ್ನು ಹೇಗೆ ಕೊಡುತ್ತೀರಿ?

ರ‍್ಯಾಮ್ಸ್ ಪರವಾಗಿ ಬಂದಿದ್ದ ಚಾರ್ಲ್ಸ್ ವಾಲ್ಶ್, ಲೀಗ್‌ನಲ್ಲಿ ಅಂಥ ನಿಯಮ ಯಾವುದೂ ಇಲ್ಲ ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಆ ನಿಯಮ ಎಲ್ಲೂ ಬರೆದಿರಲಿಲ್ಲ. ಬರೆದಿರಲಿಲ್ಲ ಎಂಬುದೇ ಅದರ ಬಲವಾಗಿತ್ತು: ಕಾಗದದ ಮೇಲಿಲ್ಲದ್ದನ್ನು ಯಾವ ನ್ಯಾಯಾಲಯವೂ ರದ್ದು ಮಾಡಲಾರದು, ಅದಕ್ಕೆ ಯಾರೂ ಹೊಣೆ ಹೊರಬೇಕಿಲ್ಲ. ಆದರೆ ಮೈದಾನದ ಬಾಡಿಗೆ ಕರಾರು ಮಾತ್ರ ಕಾಗದದ ಮೇಲೆಯೇ ಆಗಬೇಕಿತ್ತು. ಹಾರ್ಡಿಂಗ್ ಹಿಡಿದದ್ದು ಆ ಎಳೆಯನ್ನು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಇತಿಹಾಸದಲ್ಲಿ 1946ರ ಋತು ಮುಖ್ಯವಾಗುವುದು ಇಲ್ಲಿಂದ.

ಆಟದ ಬಗ್ಗೆ ಎರಡು ಮಾತು

ಈ ಆಟದಲ್ಲಿ ತಂಡಕ್ಕೆ 11 ಮಂದಿ, 100 ಗಜ ಉದ್ದದ ಅಂಗಳ, ಮೊಟ್ಟೆಯಾಕಾರದ ಚೆಂಡು. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಯತ್ನಗಳು; ಅಷ್ಟರೊಳಗೆ ಕನಿಷ್ಠ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡಿನೊಂದಿಗೆ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ದೂರ ಎಸೆಯಬಹುದು, ಇಲ್ಲವೇ ಹಿಂದೆ ನಿಂತ ಓಟಗಾರನ ಕೈಗಿಡಬಹುದು. ಚೆಂಡು ಹಿಡಿದು ಓಡುವವನ ಸ್ಥಿತಿ ಕಬಡ್ಡಿಯಲ್ಲಿ ಎದುರಾಳಿಗಳ ಅಂಗಳದಿಂದ ಮರಳಿ ಓಡುವ ರೇಡರ್‌ನದು: ನಾಲ್ಕೂ ಕಡೆಯಿಂದ ಮೇಲೆ ಬೀಳುವವರನ್ನು ಕೊಡವಿಕೊಂಡೇ ಮುಂದೆ ಹೋಗಬೇಕು. 1946ರಲ್ಲಿ ಆಟಗಾರರ ಮುಖಕ್ಕೆ ಈಗಿನಂಥ ಸರಳುಗಳ ರಕ್ಷಣೆ ಇರಲಿಲ್ಲ. ನೆಲಕ್ಕೆ ಬಿದ್ದವನ ಮೇಲೆ ನಾಲ್ಕೈದು ಜನ ರಾಶಿಯಾಗಿ ಬಿದ್ದಾಗ ಒಳಗೆ ಏನು ನಡೆಯುತ್ತದೆಂಬುದು ಅಂಪೈರ್‌ಗೆ ಕಾಣುತ್ತಿರಲಿಲ್ಲ. ಕಪ್ಪು ಆಟಗಾರನೊಬ್ಬ ಅಂಥ ಅಂಗಳಕ್ಕೆ ಇಳಿಯುವುದೆಂದರೆ ಎಷ್ಟು ಎದೆಗಾರಿಕೆ ಬೇಕಿತ್ತೆಂದು ಇದರಿಂದಲೇ ಊಹಿಸಬಹುದು.

ಹನ್ನೆರಡು ವರ್ಷದ ಬಾಗಿಲು

ಲೀಗ್ ಹುಟ್ಟಿದ್ದು 1920ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ. ಮೊದಲ ವರ್ಷ ಚಾಂಪಿಯನ್ ಆದ ಆಕ್ರನ್ ತಂಡದ ತಾರೆ ಫ್ರಿಟ್ಜ್ ಪೊಲಾರ್ಡ್ ಕಪ್ಪು ಆಟಗಾರ. ಮರುವರ್ಷ ಅವರೇ ಆ ತಂಡದ ಕೋಚ್ ಹೊಣೆಯನ್ನೂ ಹೊತ್ತರು. ಮುಂದೆ ಜಗತ್ತಿಗೇ ಗಾಯಕನಾಗಿ ಪರಿಚಿತರಾದ ಪಾಲ್ ರೋಬ್ಸನ್ ಕೂಡ 1921 ಮತ್ತು 1922ರಲ್ಲಿ ಈ ಲೀಗ್‌ನಲ್ಲಿ ಆಡಿದವರು. ಪ್ರತಿ ವರ್ಷ ಒಬ್ಬರಾದರೂ ಕಪ್ಪು ಆಟಗಾರರು ಇರುತ್ತಿದ್ದರು.

1933ರ ಋತು ಮುಗಿದಾಗ ಶಿಕಾಗೊ ಕಾರ್ಡಿನಲ್ಸ್‌ನ ಜೋ ಲಿಲರ್ಡ್ ಮತ್ತು ಪಿಟ್ಸ್‌ಬರ್ಗ್‌ನ ರೇ ಕೆಂಪ್ ತಂಡಗಳಿಂದ ಹೊರಬಿದ್ದರು. ಅಲ್ಲಿಂದ 1945ರವರೆಗೆ, ಹನ್ನೆರಡು ಋತುಗಳಲ್ಲಿ, ಲೀಗ್‌ನ ಯಾವ ತಂಡದಲ್ಲೂ ಒಬ್ಬ ಕಪ್ಪು ಆಟಗಾರ ಕಾಣಿಸಲಿಲ್ಲ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಬಿಳಿಯರ ಕೆಲಸ ಕಪ್ಪು ಜನಕ್ಕೆ ಕೊಡಬಾರದೆಂಬ ಮನೋಭಾವ ಒಂದು ಕಾರಣ. 1932ರಲ್ಲಿ ಲೀಗ್‌ಗೆ ಬಂದ ಲಾಂಡ್ರಿ ಉದ್ಯಮಿ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಅವರ ಪ್ರಭಾವವೂ ಇದರ ಹಿಂದಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಅವರು ತಮ್ಮ ತಂಡವನ್ನು 1937ರಲ್ಲಿ ಬಾಸ್ಟನ್‌ನಿಂದ ರಾಜಧಾನಿ ವಾಷಿಂಗ್ಟನ್‌ಗೆ ತಂದು, ದಕ್ಷಿಣದ ರಾಜ್ಯಗಳ ಪ್ರೇಕ್ಷಕರನ್ನು ನೆಚ್ಚಿಕೊಂಡು ಬೆಳೆಸಿದರು.

ಆಟಗಾರರು ಸಿಗಲಿಲ್ಲ ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ. ಯುದ್ಧಕಾಲದಲ್ಲಿ ನೂರಾರು ಆಟಗಾರರು ಸೈನ್ಯ ಸೇರಿ ತಂಡಗಳು ಬರಿದಾದವು. 1943ರಲ್ಲಿ ಪಿಟ್ಸ್‌ಬರ್ಗ್ ಮತ್ತು ಫಿಲಡೆಲ್ಫಿಯಾ ತಂಡಗಳು ಜನ ಸಾಲದೆ ಒಂದಾಗಿ ಆಡಿದವು. ಎರಡು ತಂಡಗಳನ್ನು ಬೆಸೆಯಲು ಒಪ್ಪಿದ ಲೀಗ್, ಒಬ್ಬ ಕಪ್ಪು ಆಟಗಾರನನ್ನು ಕರೆಯಲು ಒಪ್ಪಲಿಲ್ಲ.

ಲಿಂಕನ್ ಹೈಟ್ಸ್‌ನ ಹುಡುಗ

ಕರೆಯದೆ ಬಿಟ್ಟವರ ಪೈಕಿ ಎಲ್ಲರಿಗಿಂತ ದೊಡ್ಡ ಹೆಸರು ಕೆನ್ನಿ ವಾಷಿಂಗ್ಟನ್. ಲಾಸ್ ಏಂಜಲೀಸ್‌ನ ಲಿಂಕನ್ ಹೈಟ್ಸ್ ಬಡಾವಣೆಯಲ್ಲಿ ಬೆಳೆದು, ಅಲ್ಲಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡ ಸೇರಿದವರು. 1939ರ ಆ ತಂಡದಲ್ಲಿ ಅವರ ಜತೆಗೆ ವುಡಿ ಸ್ಟ್ರೋಡ್ ಇದ್ದರು. ಮುಂದೆ ಬೇಸ್‌ಬಾಲ್‌ನಲ್ಲಿ ಹೆಸರಾದ ಜಾಕಿ ರಾಬಿನ್‌ಸನ್ ಇದ್ದರು. ಆ ವರ್ಷ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಕೆನ್ನಿ ಓಡಿ ಮತ್ತು ಎಸೆದು ಗಳಿಸಿದ ಒಟ್ಟು ಗಜಗಳಲ್ಲಿ ಇಡೀ ದೇಶದ ಕಾಲೇಜು ಆಟಗಾರರಿಗೆಲ್ಲ ಮೊದಲಿಗರಾದರು. ಆಗ ಒಬ್ಬನೇ ಆಟಗಾರ ದಾಳಿಯಲ್ಲೂ ರಕ್ಷಣೆಯಲ್ಲೂ ನಿಲ್ಲಬೇಕಿತ್ತು. ಋತುವಿನ 600 ನಿಮಿಷಗಳ ಆಟದಲ್ಲಿ ಕೆನ್ನಿ 580 ನಿಮಿಷ ಅಂಗಳದಲ್ಲೇ ಇದ್ದರು. ಡಿಸೆಂಬರ್‌ನಲ್ಲಿ ಊರಿನ ಎದುರಾಳಿ ಯುಎಸ್‌ಸಿ ವಿರುದ್ಧ ಇದೇ ಕೊಲಿಸಿಯಂನಲ್ಲಿ ನಡೆದ 0–0 ಪಂದ್ಯಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು.

1940ರಲ್ಲಿ ಶಿಕಾಗೊದಲ್ಲಿ ಕಾಲೇಜು ತಾರೆಯರ ತಂಡದ ಪರವಾಗಿ ಲೀಗ್ ಚಾಂಪಿಯನ್ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ ಆಡಿದ ಕೆನ್ನಿ ಟಚ್‌ಡೌನ್ ಗಳಿಸಿದರು. ಶಿಕಾಗೊ ಬೇರ್ಸ್‌ನ ಮಾಲೀಕ ಜಾರ್ಜ್ ಹಾಲಾಸ್, ಕೆನ್ನಿಯನ್ನು ಶಿಕಾಗೊದಲ್ಲೇ ಉಳಿಸಿಕೊಂಡು ಇತರ ಮಾಲೀಕರನ್ನು ಕೇಳಿ ನೋಡಿದರು. ಒಪ್ಪಿಗೆ ಸಿಗಲಿಲ್ಲ. ಕೆನ್ನಿ ಊರಿಗೆ ಮರಳಿ ಪೊಲೀಸ್ ಕೆಲಸಕ್ಕೆ ಸೇರಿದರು. ಜತೆಜತೆಗೇ ಹಾಲಿವುಡ್ ಬೇರ್ಸ್ ಎಂಬ ಪ್ರಾದೇಶಿಕ ತಂಡಕ್ಕೆ ಆಡಿದರು. ಓಟಗಾರನೊಬ್ಬನ ಬದುಕಿನ ಅತ್ಯುತ್ತಮ ಆರು ವರ್ಷಗಳು ಹೀಗೆ ಸಂದುಹೋದವು. ಮೊಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗಳಾದವು.

ಸಹಿ ಬಿದ್ದದ್ದು

ಜನವರಿಯ ಸಭೆಯ ನಂತರವೂ ಹಾರ್ಡಿಂಗ್ ಮತ್ತು ಜತೆಗಾರ ಪತ್ರಕರ್ತರು ಸುಮ್ಮನಾಗಲಿಲ್ಲ. ಕೆನ್ನಿಗೆ ಅವಕಾಶ ಕೊಡುತ್ತೇವೆಂಬ ಮಾತನ್ನು ರ‍್ಯಾಮ್ಸ್‌ನಿಂದ ಪಡೆದು, ಆ ಮಾತನ್ನು ಮತ್ತೆ ಮತ್ತೆ ಪತ್ರಿಕೆಗಳಲ್ಲಿ ನೆನಪಿಸಿದರು. 1946ರ ಮಾರ್ಚ್ 21ರಂದು ಕೆನ್ನಿ ವಾಷಿಂಗ್ಟನ್ ಅವರ ಕರಾರಿಗೆ ಸಹಿ ಬಿತ್ತು. ಬೇಸ್‌ಬಾಲ್‌ನ ಅಗ್ರ ಲೀಗ್‌ನಲ್ಲಿ ಜಾಕಿ ರಾಬಿನ್‌ಸನ್ ಆಡಿದ್ದು ಮರುವರ್ಷ, 1947ರ ಏಪ್ರಿಲ್ 15ರಂದು. ರಾಬಿನ್‌ಸನ್ ಹೆಸರು ಇಂದು ಅಮೆರಿಕದ ಶಾಲೆಯ ಮಕ್ಕಳಿಗೂ ಗೊತ್ತು. ಅವರಿಗಿಂತ ಒಂದು ವರ್ಷ ಮೊದಲು ಈ ದಾರಿ ತುಳಿದ ಅವರದೇ ಕಾಲೇಜಿನ ಜತೆಗಾರನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

ಮೇ 7ರಂದು ವುಡಿ ಸ್ಟ್ರೋಡ್ ಅವರೂ ಸೇರಿದರು. ಆಗ ಅವರಿಗೆ 31 ವರ್ಷ ದಾಟಿತ್ತು. ಬೇರೆ ಊರಿಗೆ ಹೋದಾಗ ಕೆನ್ನಿ ಜತೆ ಕೋಣೆ ಹಂಚಿಕೊಳ್ಳಲು ಯಾರಾದರೂ ಬೇಕಿತ್ತು. ಯಾರು ಬೇಕೆಂದು ಕೇಳಿದಾಗ ಕೆನ್ನಿ ಹಳೆಯ ಗೆಳೆಯನ ಹೆಸರು ಹೇಳಿದರು. ತಂಡದ ಬಾಗಿಲು ತೆರೆದಿದ್ದರೂ ಹೋಟೆಲಿನ ಕೋಣೆಯ ಬಾಗಿಲು ತೆರೆದಿರಲಿಲ್ಲ. ತಂಡದ ಜತೆ ಇಳಿದುಕೊಳ್ಳಲಾಗದೆ ಬೇರೆ ವಸತಿ ಹುಡುಕಿಕೊಳ್ಳಬೇಕಾದ ಪ್ರಸಂಗಗಳನ್ನು ಸ್ಟ್ರೋಡ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಕ್ಲೀವ್‌ಲ್ಯಾಂಡ್‌ನ ಇಬ್ಬರು

ಆ ವರ್ಷ ಎನ್‌ಎಫ್‌ಎಲ್‌ಗೆ ಎದುರಾಗಿ ಇನ್ನೊಂದು ಲೀಗ್ ಹುಟ್ಟಿಕೊಂಡಿತ್ತು. ‘ಶಿಕಾಗೊ ಟ್ರಿಬ್ಯೂನ್’ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ ಕಟ್ಟಿದ ಆಲ್ ಅಮೆರಿಕ ಫುಟ್‌ಬಾಲ್ ಕಾನ್ಫರೆನ್ಸ್ ಎಂಟು ತಂಡಗಳೊಂದಿಗೆ 1946ರಲ್ಲಿ ಆಟ ಶುರುಮಾಡಿತು. ರ‍್ಯಾಮ್ಸ್ ಬಿಟ್ಟುಹೋದ ಕ್ಲೀವ್‌ಲ್ಯಾಂಡ್‌ಗೆ ಹೊಸ ಲೀಗ್‌ನಿಂದ ಬಂದ ತಂಡ ಬ್ರೌನ್ಸ್. ಕೋಚ್ ಪಾಲ್ ಬ್ರೌನ್ ಅವರ ಹೆಸರನ್ನೇ ತಂಡಕ್ಕಿಡಲಾಗಿತ್ತು. ಮ್ಯಾಸಿಲನ್ ಊರಿನ ಪ್ರೌಢಶಾಲೆಯಲ್ಲಿ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಯುದ್ಧಕಾಲದಲ್ಲಿ ಗ್ರೇಟ್ ಲೇಕ್ಸ್ ನೌಕಾ ನೆಲೆಯಲ್ಲಿ ಕಪ್ಪು ಹುಡುಗರಿಗೂ ಬಿಳಿ ಹುಡುಗರಿಗೂ ಒಟ್ಟಿಗೆ ಆಟ ಕಲಿಸಿದವರು ಅವರು.

ಆಗಸ್ಟ್‌ನಲ್ಲಿ ಬೌಲಿಂಗ್ ಗ್ರೀನ್‌ನ ತರಬೇತಿ ಶಿಬಿರಕ್ಕೆ ಬಿಲ್ ವಿಲ್ಲಿಸ್ ಬಂದರು. ಒಹಾಯೊ ಸ್ಟೇಟ್‌ನಲ್ಲಿ ಬ್ರೌನ್ ಅವರ ಶಿಷ್ಯರಾಗಿದ್ದ ಅವರು ಕೆನಡಾದ ತಂಡವೊಂದನ್ನು ಸೇರಲು ಹೊರಟಿದ್ದರು. ಕೊಲಂಬಸ್‌ನ ಕ್ರೀಡಾ ಪತ್ರಕರ್ತರೊಬ್ಬರ ಒತ್ತಾಸೆಯಿಂದ ಇತ್ತ ತಿರುಗಿದರು. ದಪ್ಪ ದೇಹದವರೇ ತುಂಬಿರುವ ನಡುಸಾಲಿನಲ್ಲಿ ವಿಲ್ಲಿಸ್ ಹಗುರವಾದ, ಮಿಂಚಿನಂತೆ ಚಿಮ್ಮುವ ಆಟಗಾರ. ಮೊದಲ ಅಭ್ಯಾಸದಲ್ಲೇ ಎದುರಿನ ಸೆಂಟರ್ ಆಟಗಾರ ಚೆಂಡನ್ನು ಹಿಂದಕ್ಕೆ ಕೊಡುವಷ್ಟರಲ್ಲಿ ಇವರು ಅವನನ್ನು ದಾಟಿ ಕ್ವಾರ್ಟರ್‌ಬ್ಯಾಕ್ ಒಟ್ಟೊ ಗ್ರಹಾಂ ಮೇಲೆ ಬಿದ್ದಿರುತ್ತಿದ್ದರು. ಗೆರೆ ದಾಟಿ ನಿಂತಿರಬೇಕೆಂಬ ದೂರು ಬಂತು. ಬ್ರೌನ್ ಬಾಗಿ ಕೂತು ಸ್ವತಃ ಪರೀಕ್ಷಿಸಿದರು. ವಿಲ್ಲಿಸ್ ಗೆರೆಯ ಹಿಂದೆಯೇ ಇದ್ದರು. ಚೆಂಡು ಹಿಡಿದ ಬೆರಳುಗಳ ಅಲುಗಾಟವನ್ನು ನೋಡುತ್ತ, ಅದು ಕಂಡ ಕ್ಷಣವೇ ಚಿಮ್ಮುತ್ತಿದ್ದರು.

ಕೆಲವೇ ದಿನಗಳಲ್ಲಿ ಮೇರಿಯನ್ ಮಾಟ್ಲಿ ಬಂದರು. ಕ್ಯಾಂಟನ್‌ನಲ್ಲಿ ಬೆಳೆದು ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಗ್ರೇಟ್ ಲೇಕ್ಸ್‌ನಲ್ಲಿ ಬ್ರೌನ್ ಕೈಕೆಳಗೆ ಆಡಿದವರು. ಮೊದಲು ತಾವೇ ಅವಕಾಶ ಕೇಳಿ ಬರೆದಾಗ ಓಟಗಾರರು ಬೇಕಿಲ್ಲ ಎಂಬ ಉತ್ತರ ಬಂದಿತ್ತು. ವಿಲ್ಲಿಸ್‌ಗೆ ಕೋಣೆಯಲ್ಲಿ ಜತೆಯಾಗಲೆಂದೇ ನಂತರ ತನ್ನನ್ನು ಕರೆದರೆಂದು ಮಾಟ್ಲಿ ನಂಬಿದ್ದರು. ಜತೆಗಾರನಾಗಿ ಬಂದವರು ಆ ಕಾಲದ ಅತಿ ಬಲಿಷ್ಠ ಓಟಗಾರರಾದರು. ನೂರು ಕಿಲೋ ಮೀರಿದ ಮೈ, ಅದಕ್ಕೆ ತಕ್ಕ ವೇಗ. 1946ರಲ್ಲಿ 73 ಸಲ ಚೆಂಡು ಹಿಡಿದು ಓಡಿ 601 ಗಜ ಗಳಿಸಿದರು. ಒಂದು ಓಟಕ್ಕೆ ಸರಾಸರಿ ಎಂಟು ಗಜಕ್ಕೂ ಹೆಚ್ಚು. ನಾಲ್ಕು ಗಜ ದಕ್ಕಿದರೆ ಒಳ್ಳೆಯ ಓಟವೆನ್ನುವ ಆಟದಲ್ಲಿ ಇದು ಬೆರಗಿನ ಸಂಖ್ಯೆ. ಫುಟ್‌ಬಾಲ್‌ನಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಡ್ರಾ’ ಎಂಬ ತಂತ್ರ ರೂಪುಗೊಂಡದ್ದು ಮಾಟ್ಲಿ ಮತ್ತು ಗ್ರಹಾಂ ಜೋಡಿಯಿಂದ ಎನ್ನುತ್ತಾರೆ. ಎಸೆಯಲು ಹೊರಟ ಗ್ರಹಾಂ ಸುತ್ತ ಎದುರಾಳಿಗಳು ನುಗ್ಗಿ ಬಂದಾಗ ಬೇರೆ ದಾರಿ ಕಾಣದೆ ಚೆಂಡನ್ನು ಪಕ್ಕದ ಮಾಟ್ಲಿ ಕೈಗಿಟ್ಟರಂತೆ. ನುಗ್ಗಿದವರ ಬೆನ್ನ ಹಿಂದೆ ತೆರೆದ ಜಾಗದಲ್ಲಿ ಮಾಟ್ಲಿ ದೂರ ಓಡಿದರು. ಆ ಆಕಸ್ಮಿಕವನ್ನು ಬ್ರೌನ್ ಒಂದು ನಿಶ್ಚಿತ ತಂತ್ರವಾಗಿಸಿದರು.

ಅಂಗಳದ ಒಳಗೆ

ಸೆಪ್ಟೆಂಬರ್ 6ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಹೊಸ ಲೀಗ್‌ನ ಮೊದಲ ಪಂದ್ಯ. ಮಯಾಮಿ ಸೀಹಾಕ್ಸ್ ವಿರುದ್ಧ ಬ್ರೌನ್ಸ್ 44–0ರಿಂದ ಗೆದ್ದರು. ಪ್ರೇಕ್ಷಕರ ಸಂಖ್ಯೆ 60 ಸಾವಿರ ದಾಟಿತ್ತು. ಹಿಂದಿನ ವರ್ಷ ಚಾಂಪಿಯನ್ ತಂಡವನ್ನೇ ನಷ್ಟಕ್ಕೆ ದೂಡಿದ್ದ ಊರು ಇದು. ಬಿಳಿ ಪ್ರೇಕ್ಷಕರು ಬರುವುದು ನಿಲ್ಲಿಸುತ್ತಾರೆಂದು ಹೆದರುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಆದರೂ ಅಂಗಳದಲ್ಲಿ ವಿಲ್ಲಿಸ್ ಮತ್ತು ಮಾಟ್ಲಿ ಅನುಭವಿಸಿದ್ದು ಕಡಿಮೆಯಲ್ಲ. ನೆಲಕ್ಕೆ ಬಿದ್ದಾಗ ಎದುರಾಳಿಗಳು ಮೊಳೆ ಬೂಟುಗಳಿಂದ ಕೈ ತುಳಿಯುತ್ತಿದ್ದುದನ್ನು ಮಾಟ್ಲಿ ಮುಂದೆ ಹಲವು ಸಲ ನೆನೆಸಿಕೊಂಡರು. ಬೈಗುಳಕ್ಕೆ ಕೊನೆಯಿರಲಿಲ್ಲ. ತಿರುಗಿ ಬೀಳಬೇಡಿ ಎಂದು ಬ್ರೌನ್ ಇಬ್ಬರಿಗೂ ಮೊದಲೇ ಹೇಳಿದ್ದರು: ಅವರು ಒಂದು ಪೆಟ್ಟು ಕೊಟ್ಟರೂ ಬಾಗಿಲು ಮುಚ್ಚಲು ಕಾಯುತ್ತಿದ್ದವರಿಗೆ ಅದೇ ಕಾರಣವಾಗುತ್ತಿತ್ತು. ಅವರ ಪರವಾಗಿ ಬಿಳಿ ಜತೆಗಾರರೇ ಎದುರಾಳಿಗಳಿಗೆ ಉತ್ತರ ಕೊಟ್ಟರು.

ಡಿಸೆಂಬರ್ 3ರಂದು ಮಯಾಮಿಯಲ್ಲಿ ಪಂದ್ಯ. ಕಪ್ಪು ಮತ್ತು ಬಿಳಿ ಆಟಗಾರರು ಒಂದೇ ಅಂಗಳದಲ್ಲಿ ಆಡುವುದಕ್ಕೆ ಫ್ಲೋರಿಡಾದಲ್ಲಿ ನಿಷೇಧವಿತ್ತು. ಕೊಲೆ ಬೆದರಿಕೆಯ ಪತ್ರವೂ ಬಂದಿತ್ತು. ವಿಲ್ಲಿಸ್ ಮತ್ತು ಮಾಟ್ಲಿ ಕ್ಲೀವ್‌ಲ್ಯಾಂಡ್‌ನಲ್ಲೇ ಉಳಿದರು. ಅವರಿಲ್ಲದೆಯೂ ಬ್ರೌನ್ಸ್ 34–0ರಿಂದ ಗೆದ್ದರು. ಆ ಋತುವಿನ ಕೊನೆಗೆ ಮಯಾಮಿ ತಂಡವೇ ದಿವಾಳಿಯಾಗಿ ಮುಚ್ಚಿತು. ಡಿಸೆಂಬರ್ 22ರಂದು ನ್ಯೂಯಾರ್ಕ್ ಯಾಂಕೀಸ್ ಫುಟ್‌ಬಾಲ್ ತಂಡವನ್ನು 14–9ರಿಂದ ಮಣಿಸಿದ ಬ್ರೌನ್ಸ್ ಹೊಸ ಲೀಗ್‌ನ ಮೊದಲ ಚಾಂಪಿಯನ್ ಆಯಿತು.

ಪಶ್ಚಿಮದಲ್ಲಿ ಕತೆ ಬೇರೆಯಾಗಿತ್ತು. ಸೆಪ್ಟೆಂಬರ್ 29ರಂದು ಕೊಲಿಸಿಯಂನಲ್ಲಿ ನಡೆದ ಮೊದಲ ಲೀಗ್ ಪಂದ್ಯದಲ್ಲಿ ರ‍್ಯಾಮ್ಸ್ ಫಿಲಡೆಲ್ಫಿಯಾ ಈಗಲ್ಸ್‌ಗೆ 25–14ರಿಂದ ಸೋತಿತು. ಕೆನ್ನಿಗೆ ಸಿಕ್ಕಿದ್ದು ಸ್ವಲ್ಪವೇ ಹೊತ್ತಿನ ಆಟ. ಇಡೀ ಋತುವಿನಲ್ಲಿ ಅವರಿಗೆ ಓಡಲು ಚೆಂಡು ಕೊಟ್ಟದ್ದು 23 ಸಲ. ಸ್ಟ್ರೋಡ್‌ಗೆ ಇನ್ನೂ ಕಡಿಮೆ ಅವಕಾಶ. ಒಂದೇ ಋತುವಿಗೆ ಅವರನ್ನು ಕೈಬಿಟ್ಟರು. ಅವರು ಕೆನಡಾದ ಕ್ಯಾಲ್ಗರಿಗೆ ಹೋಗಿ 1948ರಲ್ಲಿ ಅಲ್ಲಿನ ಅತಿ ದೊಡ್ಡ ಪ್ರಶಸ್ತಿಯಾದ ಗ್ರೇ ಕಪ್ ಗೆದ್ದ ತಂಡದಲ್ಲಿದ್ದರು. ಆಮೇಲೆ ಹಾಲಿವುಡ್‌ನಲ್ಲಿ ನಟರಾದರು. ‘ಸ್ಪಾರ್ಟಕಸ್’ ಚಿತ್ರದಲ್ಲಿ ನಾಯಕನೊಂದಿಗೆ ಸೆಣಸುವ ಗ್ಲ್ಯಾಡಿಯೇಟರ್ ಅವರೇ.

ಎನ್‌ಎಫ್‌ಎಲ್‌ನ ಪ್ರಶಸ್ತಿ ಪಂದ್ಯ ನಡೆದದ್ದು ಡಿಸೆಂಬರ್ 15ರಂದು ನ್ಯೂಯಾರ್ಕ್‌ನಲ್ಲಿ; ಶಿಕಾಗೊ ಬೇರ್ಸ್ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು 24–14ರಿಂದ ಸೋಲಿಸಿತು. ಪಂದ್ಯಕ್ಕೆ ಮೊದಲೇ ಬಾಜಿದಾರನೊಬ್ಬ ಜೈಂಟ್ಸ್‌ನ ಇಬ್ಬರು ಆಟಗಾರರಿಗೆ ಲಂಚದ ಆಮಿಷ ಒಡ್ಡಿದ್ದು ಬಯಲಾಗಿ, ಆ ವರ್ಷದ ಸುದ್ದಿಯೆಲ್ಲ ಅದೇ ಆಯಿತು.

ಮತ್ತೊಂದು ಮೈದಾನ, ಅದೇ ಪ್ರಶ್ನೆ

ಒಂದು ಋತುವಿನಲ್ಲಿ ನಾಲ್ವರು ಆಡಿದ ಮಾತ್ರಕ್ಕೆ ಎಲ್ಲ ಬದಲಾಗಲಿಲ್ಲ. ಎನ್‌ಎಫ್‌ಎಲ್‌ನ ಇತರ ತಂಡಗಳು 1948ರವರೆಗೆ ಒಬ್ಬ ಕಪ್ಪು ಆಟಗಾರನನ್ನೂ ತೆಗೆದುಕೊಳ್ಳಲಿಲ್ಲ. ಬದಲಾವಣೆಗೆ ವೇಗ ಕೊಟ್ಟದ್ದು ಬ್ರೌನ್ಸ್ ಗೆಲುವು. ಹೊಸ ಲೀಗ್ ನಡೆದ ನಾಲ್ಕೂ ವರ್ಷ ಅವರೇ ಚಾಂಪಿಯನ್. 1950ರಲ್ಲಿ ಎನ್‌ಎಫ್‌ಎಲ್‌ಗೆ ಸೇರಿ ಆಡಿದ ಮೊದಲ ಪಂದ್ಯದಲ್ಲೇ ಹಿಂದಿನ ಚಾಂಪಿಯನ್ ಫಿಲಡೆಲ್ಫಿಯಾವನ್ನು 35–10ರಿಂದ ಬಗ್ಗುಬಡಿದರು. ಆ ವರ್ಷದ ಪ್ರಶಸ್ತಿಯೂ ಅವರದೇ; ಓಟದ ಗಜಗಳಲ್ಲಿ ಲೀಗ್‌ಗೇ ಮೊದಲಿಗರು ಮಾಟ್ಲಿ. ಕಪ್ಪು ಆಟಗಾರರನ್ನು ಬಿಟ್ಟು ಗೆಲ್ಲಲಾಗದು ಎಂಬುದು ಅಂಕಪಟ್ಟಿಯಿಂದ ಉಳಿದ ಮಾಲೀಕರಿಗೆ ಅರ್ಥವಾಗತೊಡಗಿತು.

ಒಬ್ಬರಿಗೆ ಮಾತ್ರ ಆಗಲಿಲ್ಲ. ಮಾರ್ಷಲ್ ಅವರ ರೆಡ್‌ಸ್ಕಿನ್ಸ್ 1961ರವರೆಗೂ ಬಿಳಿಯರ ತಂಡವಾಗಿಯೇ ಉಳಿಯಿತು. ಸೋಲಿನ ಮೇಲೆ ಸೋಲು, ಪತ್ರಿಕೆಗಳ ಟೀಕೆ, ಪ್ರೇಕ್ಷಕರ ಪ್ರತಿಭಟನೆ ಯಾವುದೂ ಅವರನ್ನು ಅಲುಗಾಡಿಸಲಿಲ್ಲ. ಕೊನೆಗೆ ಅಲುಗಾಡಿಸಿದ್ದು ಮತ್ತೆ ಒಂದು ಮೈದಾನ. ರಾಜಧಾನಿಯಲ್ಲಿ ಕಟ್ಟಲಾಗುತ್ತಿದ್ದ ಹೊಸ ಕ್ರೀಡಾಂಗಣ ಕೇಂದ್ರ ಸರ್ಕಾರದ ಜಮೀನಿನಲ್ಲಿತ್ತು. ಆ ಜಮೀನಿನ ಹೊಣೆ ಹೊತ್ತಿದ್ದ, ಅಧ್ಯಕ್ಷ ಕೆನಡಿ ಸಂಪುಟದ ಸಚಿವ ಸ್ಟೂವರ್ಟ್ ಉಡಾಲ್, ನೇಮಕದಲ್ಲಿ ವರ್ಣಭೇದ ಮಾಡುವ ತಂಡಕ್ಕೆ ಅಲ್ಲಿ ಜಾಗವಿಲ್ಲ ಎಂದು 1961ರ ಮಾರ್ಚ್‌ನಲ್ಲಿ ತಿಳಿಸಿದರು. 1962ರ ಋತುವಿನಲ್ಲಿ ಬಾಬಿ ಮಿಚೆಲ್ ಮತ್ತು ಇತರ ಕಪ್ಪು ಆಟಗಾರರು ಆ ತಂಡದ ಅಂಗಿ ತೊಟ್ಟರು.

ಹದಿನಾರು ವರ್ಷಗಳ ಅಂತರದಲ್ಲಿ ಎರಡು ಊರುಗಳಲ್ಲಿ ಒಂದೇ ಉಪಾಯ ಫಲಿಸಿದ್ದು ಆಕಸ್ಮಿಕವಲ್ಲ. ತಂಡ ಖಾಸಗಿಯವರದು, ಯಾರನ್ನು ಆಡಿಸಬೇಕೆಂಬುದು ಮಾಲೀಕರ ಇಷ್ಟ ಎಂಬ ವಾದ ಮೈದಾನದ ಗೇಟಿನವರೆಗೆ ಮಾತ್ರ ನಡೆಯುತ್ತದೆ. ಗೇಟಿನ ಒಳಗಿನ ಹುಲ್ಲು, ಮೆಟ್ಟಿಲು, ದೀಪ ಎಲ್ಲಕ್ಕೂ ಜನರ ಹಣ ಸಂದಿರುವಾಗ ಜನ ಷರತ್ತು ಹಾಕಬಹುದು. ಮಾಲೀಕರ ಮನಸ್ಸು ಬದಲಾಗುವವರೆಗೆ ಕಾದಿದ್ದರೆ ಇನ್ನೆಷ್ಟು ಆಟಗಾರರ ಯೌವನ ಕಳೆದುಹೋಗುತ್ತಿತ್ತೋ. ಹ್ಯಾಲಿ ಹಾರ್ಡಿಂಗ್ ಕಾಯಲಿಲ್ಲ. ಯಾರ ಕೈಯಲ್ಲಿ ಪೆನ್ನು ಇದೆ, ಅದು ಯಾವ ಕಾಗದದ ಮೇಲೆ ಸಹಿ ಹಾಕಲಿದೆ ಎಂದು ನೋಡಿ ಅಲ್ಲಿಗೆ ಹೋದರು. ಈ ಋತುವಿನ ಚರಿತ್ರೆಯಲ್ಲಿ ನಾಲ್ವರು ಆಟಗಾರರಷ್ಟೇ ಗೌರವದಿಂದ ಅವರ ಹೆಸರನ್ನೂ ಬರೆಯಬೇಕು.

ದಾಖಲೆಯಲ್ಲಿ ಇಲ್ಲದ ಗಜಗಳು

ಮಾಟ್ಲಿ 1968ರಲ್ಲಿ, ವಿಲ್ಲಿಸ್ 1977ರಲ್ಲಿ ಕ್ಯಾಂಟನ್‌ನಲ್ಲಿರುವ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ಇಪ್ಪತ್ತರ ನಡುವಯಸ್ಸಿನಲ್ಲಿ ಅವಕಾಶ ಸಿಕ್ಕಿದ್ದರಿಂದ ಅವರು ತಮ್ಮ ಪೂರ್ಣ ಆಟ ತೋರಿಸಿದರು. ಕೆನ್ನಿ ವಾಷಿಂಗ್ಟನ್‌ಗೆ ಆ ಭಾಗ್ಯವಿರಲಿಲ್ಲ. ಮೂರು ಋತುಗಳಲ್ಲಿ 140 ಓಟ, 859 ಗಜ, ಎಂಟು ಟಚ್‌ಡೌನ್: ಲೀಗ್‌ನ ಪುಸ್ತಕದಲ್ಲಿ ಅವರ ಓಟದ ಲೆಕ್ಕ ಇಷ್ಟೇ. ಆದರೆ 1947ರ ಸಾಲನ್ನು ಬಿಡಿಸಿ ಓದಿ. 29ನೇ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆಯಾದ ಮೊಣಕಾಲಿನಲ್ಲಿ, ಅವರು ಓಟಕ್ಕೆ ಸರಾಸರಿ 7.4 ಗಜ ಗಳಿಸಿ ಲೀಗ್‌ಗೆ ಮೊದಲಿಗರಾದರು. ಶಿಕಾಗೊ ಕಾರ್ಡಿನಲ್ಸ್ ವಿರುದ್ಧ ಅವರು ಓಡಿದ 92 ಗಜ, ರ‍್ಯಾಮ್ಸ್ ಆಟಗಾರನೊಬ್ಬನ ಅತಿ ಉದ್ದದ ಓಟವಾಗಿ ದಶಕಗಳ ಕಾಲ ಉಳಿಯಿತು. 1971ರಲ್ಲಿ, 52ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

22ನೇ ವಯಸ್ಸಿನಲ್ಲಿ ಅದೇ ಕಾಲುಗಳು ಎಷ್ಟು ಓಡುತ್ತಿದ್ದವು ಎಂಬುದಕ್ಕೆ ಲೆಕ್ಕವಿಲ್ಲ, ಏಕೆಂದರೆ ಓಡಲು ಬಿಡಲಿಲ್ಲ. ಆ ಖಾಲಿ ಜಾಗಕ್ಕೆ ಕೆನ್ನಿ ಕಾರಣರಲ್ಲ. ಅದು ಲೀಗ್ ಮಾಡಿದ ಕೆಲಸ, ಲೀಗ್‌ನ ಲೆಕ್ಕಕ್ಕೇ ಸೇರಬೇಕು. 1934ರಿಂದ 1945ರವರೆಗಿನ ಚಾಂಪಿಯನ್ನರ ಪಟ್ಟಿ, ಗರಿಷ್ಠ ಗಜಗಳ ಪಟ್ಟಿ, ಶ್ರೇಷ್ಠ ಆಟಗಾರರ ಪಟ್ಟಿ ಎಲ್ಲವೂ ಅಚ್ಚುಕಟ್ಟಾಗಿ ಅಚ್ಚಾಗಿವೆ. ಅವುಗಳಲ್ಲಿರುವ ಬಿಳಿ ಆಟಗಾರರ ಶ್ರಮ ಸುಳ್ಳಲ್ಲ. ಆದರೆ ಅವರು ದೇಶದ ಅತ್ಯುತ್ತಮರ ಎದುರು ಆಡಿ ಗೆದ್ದವರೆಂದು ಹೇಳಲು ಸಾಧ್ಯವಿಲ್ಲ. ಎದುರಾಗಬೇಕಿದ್ದವರನ್ನು ಮೊದಲೇ ಹೊರಗೆ ನಿಲ್ಲಿಸಲಾಗಿತ್ತು. ಎಲ್ಲರನ್ನೂ ಆಡಲು ಬಿಟ್ಟ ಮೇಲೆ ಗೆದ್ದದ್ದೇ ಗೆಲುವು. ವೃತ್ತಿಪರ ಫುಟ್‌ಬಾಲ್‌ನಲ್ಲಿ ಅಂಥ ಗೆಲುವಿನ ಲೆಕ್ಕ ಮತ್ತೆ ಆರಂಭವಾದದ್ದು 1946ರಿಂದ.